ಸ್ಯಾಟರ್ನ್: ನಂಬಿ ಕಾದವರಿದ್ದರು, ಕಾರು ಬರಲಿಲ್ಲ

(ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1994ರ ಜೂನ್ ಕೊನೆಯಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಸ್ಪ್ರಿಂಗ್ ಹಿಲ್ ಎಂಬ ಊರಿಗೆ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಬೇರೆ ಬೇರೆ ರಾಜ್ಯಗಳಿಂದ, ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಆ ಕಾರು ತಯಾರಾದ ಕಾರ್ಖಾನೆಯನ್ನು ನೋಡಬೇಕು, ಅದನ್ನು ಜೋಡಿಸಿದವರ ಕೈ ಕುಲುಕಬೇಕು ಎಂಬುದಷ್ಟೇ ಅವರ ಆಸೆ. ಕಾರೇನು ಐಷಾರಾಮಿಯದಲ್ಲ, ಓಟದ ಪಂದ್ಯ ಗೆದ್ದದ್ದೂ ಅಲ್ಲ. ಶಾಲೆಯ ಮೇಷ್ಟ್ರು, ನರ್ಸು, ಆಗತಾನೆ ಕೆಲಸಕ್ಕೆ ಸೇರಿದ ಹುಡುಗರು ಕೊಳ್ಳುವ ಸಣ್ಣ ಕಾರು. ಹೆಸರು ಸ್ಯಾಟರ್ನ್.

ಹದಿನಾರು ವರ್ಷ ಕಳೆಯುವಷ್ಟರಲ್ಲಿ ಆ ಹೆಸರಿನ ಒಂದು ಶೋರೂಮೂ ಉಳಿಯಲಿಲ್ಲ. ಗ್ರಾಹಕರು ಇಷ್ಟೊಂದು ಪ್ರೀತಿಸಿದ ಕಂಪನಿ ಹೇಗೆ ಮುಳುಗಿತು ಎಂಬುದು ಇವತ್ತಿನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಯಾಟರ್ನ್ ಮುಳುಗಿದ್ದು ಗ್ರಾಹಕರು ಕೈಬಿಟ್ಟದ್ದರಿಂದಲ್ಲ. ಜನ ಕಂಪನಿಯ ಮೇಲೆ ಇಟ್ಟ ನಂಬಿಕೆ ಆ ಕಾರಿಗಿಂತ ದೊಡ್ಡದಾಗಿ ಬೆಳೆಯಿತು, ಆ ನಂಬಿಕೆಗೆ ಸರಿಸಾಟಿಯಾದ ಮುಂದಿನ ಕಾರನ್ನು ಮಾಡಬೇಕಾದ ಹೊತ್ತಿಗೆ ಹಣದ ಚೀಲ ಹಿಡಿದವರು ಕೈ ಹಿಂತೆಗೆದರು.

1980ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ನೂರು ಕಾರುಗಳಲ್ಲಿ ನಲವತ್ತೈದರ ಆಸುಪಾಸು ಜನರಲ್ ಮೋಟರ್ಸ್‌ನವು. ಆದರೆ ಸಣ್ಣ ಕಾರು ಎಂದರೆ ಜನ ಹೋಂಡಾ, ಟೊಯೊಟಾ ಕಡೆ ಹೊರಳುತ್ತಿದ್ದರು. ಜಪಾನಿನವರು ಸಣ್ಣ ಕಾರನ್ನು ಕಡಿಮೆ ಖರ್ಚಿನಲ್ಲೂ ಹೆಚ್ಚು ಅಚ್ಚುಕಟ್ಟಾಗಿಯೂ ಮಾಡುತ್ತಿದ್ದರು. 1982ರಲ್ಲಿ ಕಂಪನಿಯೊಳಗೆ ಗುಟ್ಟಾಗಿ ಒಂದು ಯೋಜನೆ ಶುರುವಾಯಿತು. ಅದಕ್ಕೆ ಸ್ಯಾಟರ್ನ್ ಎಂದು ಹೆಸರಿಟ್ಟರು. ಚಂದ್ರನ ಮೇಲೆ ಇಳಿಯುವ ಪೈಪೋಟಿಯಲ್ಲಿ ರಷ್ಯನ್ನರನ್ನು ಹಿಂದಿಕ್ಕಿದ ರಾಕೆಟ್ಟಿನ ಹೆಸರು ಅದು. ಆಗಿನ ಅಧ್ಯಕ್ಷ ರೋಜರ್ ಸ್ಮಿತ್ 1985ರ ಜನವರಿಯಲ್ಲಿ ಸ್ಯಾಟರ್ನ್ ಕಾರ್ಪೊರೇಷನ್ನನ್ನು ಪ್ರತ್ಯೇಕ ಅಂಗಸಂಸ್ಥೆಯಾಗಿಯೇ ಕಟ್ಟಿದರು. ಮೊದಲು ಹೇಳಿದ ಬಂಡವಾಳ 500 ಕೋಟಿ ಡಾಲರ್. ಆಮೇಲೆ ಅದನ್ನು ಸುಮಾರು 350 ಕೋಟಿಗೆ ಇಳಿಸಿದರು. ಕಾರ್ಖಾನೆ ನಮ್ಮಲ್ಲಿಗೆ ಬರಲಿ ಎಂದು ರಾಜ್ಯಗಳು ಮೇಲಾಟಕ್ಕಿಳಿದವು, ಗವರ್ನರುಗಳು ಟಿವಿ ಕಾರ್ಯಕ್ರಮದಲ್ಲಿ ಕೂತು ತಮ್ಮ ರಾಜ್ಯದ ಪರ ವಾದ ಮಾಡಿದರು. ಕೊನೆಗೆ ಗೆದ್ದದ್ದು ಸಾವಿರದ ಆಸುಪಾಸು ಜನರಿದ್ದ, ಸುತ್ತ ಹುಲ್ಲುಗಾವಲು ಹಬ್ಬಿದ್ದ ಸ್ಪ್ರಿಂಗ್ ಹಿಲ್.

ಈಗ ನಿಮ್ಮಂಥ ಎಂಜಿನಿಯರುಗಳು ಗಮನಿಸಬೇಕಾದ ಭಾಗಕ್ಕೆ ಬರುತ್ತೇನೆ. ಕಾರಿನ ನಕ್ಷೆ ಬರೆಯುವುದಕ್ಕೂ ಮುಂಚೆ ಕಂಪನಿಯವರೂ ಕಾರ್ಮಿಕ ಸಂಘದವರೂ ಸೇರಿದ 99 ಜನರ ಒಂದು ತಂಡ ರಚನೆಯಾಯಿತು. ಅದರಲ್ಲಿ ಮ್ಯಾನೇಜರುಗಳಿದ್ದಂತೆ ಲೈನಿನಲ್ಲಿ ಸ್ಪ್ಯಾನರ್ ಹಿಡಿಯುವವರೂ ಇದ್ದರು. ಅವರು ಜನರಲ್ ಮೋಟರ್ಸ್‌ನ 49 ಕಾರ್ಖಾನೆಗಳನ್ನೂ ಹೊರಗಿನ 60 ಕಂಪನಿಗಳನ್ನೂ ಸುತ್ತಿ, ಕೆಲಸ ಎಲ್ಲಿ ಚೆನ್ನಾಗಿ ನಡೆಯುತ್ತದೆ, ಏಕೆ ಚೆನ್ನಾಗಿ ನಡೆಯುತ್ತದೆ ಎಂದು ನೋಡಿಕೊಂಡು ಬಂದರು. ಅದರ ಫಲವಾಗಿ ಯುಎಡಬ್ಲ್ಯು ಕಾರ್ಮಿಕ ಸಂಘದೊಂದಿಗೆ ಆದ ಒಪ್ಪಂದ ಬರೀ 28 ಪುಟದ್ದು. ಮಿಕ್ಕ ಕಾರ್ಖಾನೆಗಳ ಒಪ್ಪಂದಗಳು ನೂರಾರು ಪುಟ ಇರುತ್ತಿದ್ದವು. ಯಾವ ಬೋಲ್ಟನ್ನು ಯಾವ ದರ್ಜೆಯ ಕೆಲಸಗಾರ ಬಿಗಿಯಬೇಕು ಎಂಬಂಥ ವಿಂಗಡಣೆಗಳನ್ನು ಇಲ್ಲಿ ಕಿತ್ತುಹಾಕಿದರು. ಸಂಬಳದ ಒಂದು ಪಾಲು ಗುಣಮಟ್ಟ, ಉತ್ಪಾದನೆ ಮತ್ತು ತರಬೇತಿಯ ಗುರಿ ಮುಟ್ಟಿದರೆ ಮಾತ್ರ ಕೈಗೆ. ಅದಕ್ಕೆ ಬದಲಾಗಿ ನೂರರಲ್ಲಿ ಎಂಬತ್ತು ಜನರಿಗೆ ಕೆಲಸದಿಂದ ತೆಗೆಯುವುದಿಲ್ಲ ಎಂಬ ಭರವಸೆ. ಹತ್ತು ಹದಿನೈದು ಜನರ ತಂಡಗಳು ತಮ್ಮ ಪಾಳಿ, ತಮ್ಮ ಖರ್ಚು, ತಮ್ಮ ತಂಡಕ್ಕೆ ಯಾರು ಬೇಕು ಎಂಬುದನ್ನು ತಾವೇ ತೀರ್ಮಾನಿಸುತ್ತಿದ್ದವು.

ಜೋಡಣೆಯ ಲೈನೂ ಬೇರೆ ಥರ. ಸಾಮಾನ್ಯ ಕಾರ್ಖಾನೆಯಲ್ಲಿ ಕಾರು ಮುಂದೆ ಹೋಗುತ್ತದೆ, ಕೆಲಸಗಾರ ಅದರ ಜೊತೆ ಹೆಜ್ಜೆ ಹಾಕುತ್ತ ಕೆಲಸ ಮುಗಿಸಿ ಹಿಂದೆ ಓಡಿ ಬರುತ್ತಾನೆ. ಸ್ಪ್ರಿಂಗ್ ಹಿಲ್‌ನಲ್ಲಿ ಮರದ ಹಲಗೆಯ ವೇದಿಕೆಯೇ ಕಾರಿನ ಜೊತೆ ಚಲಿಸುತ್ತಿತ್ತು. ಕೆಲಸಗಾರರು ಅದರ ಮೇಲೆ ನಿಂತು ನಿಧಾನವಾಗಿ, ಸರಿಯಾಗಿ ಕೆಲಸ ಮಾಡಬಹುದಿತ್ತು. ಮೊಣಕಾಲು, ಸೊಂಟದ ನೋವು ಬಲ್ಲವರಿಗೆ ಇದರ ಬೆಲೆ ಗೊತ್ತು. ಎಂಜಿನ್ ಬ್ಲಾಕು, ಸಿಲಿಂಡರ್ ಹೆಡ್ಡುಗಳನ್ನು ಥರ್ಮಾಕೋಲ್ ಅಚ್ಚಿನಿಂದ ಎರಕ ಹೊಯ್ಯುತ್ತಿದ್ದರು. ಬೇಕಾದ ಆಕಾರದ ಥರ್ಮಾಕೋಲನ್ನು ಮರಳಿನಲ್ಲಿ ಹುದುಗಿಸಿ ಕರಗಿದ ಅಲ್ಯೂಮಿನಿಯಂ ಸುರಿದರೆ ಥರ್ಮಾಕೋಲ್ ಆವಿಯಾಗಿ, ಲೋಹ ಆ ಜಾಗದಲ್ಲಿ ನಿಲ್ಲುತ್ತದೆ. ಒಳಗಿನ ಸಂಕೀರ್ಣ ನಾಳಗಳೂ ಎರಕದಲ್ಲೇ ಬರುತ್ತವೆ, ಆಮೇಲೆ ಕೊರೆಯುವ ಕೆಲಸ ಕಡಿಮೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಈ ವಿಧಾನವನ್ನು ಆಗ ಬಳಸಿದವರು ಬಲು ಕಡಿಮೆ.

ಹೊರಮೈಯ ವಿಷಯವಂತೂ ಎಲ್ಲರ ಬಾಯಲ್ಲೂ ಇತ್ತು. ಒಳಗೆ ಉಕ್ಕಿನ ಗಟ್ಟಿ ಪಂಜರ. ಬಾನೆಟ್, ಮಾಡು, ಡಿಕ್ಕಿಯ ಮುಚ್ಚಳ ಉಕ್ಕಿನವೇ. ಆದರೆ ಬಾಗಿಲ ಹೊರಪದರ, ಫೆಂಡರ್, ಬಂಪರ್ ಪ್ಲಾಸ್ಟಿಕ್ಕು. ಅಂಗಡಿಯ ತಳ್ಳುಗಾಡಿ ಬಂದು ಬಡಿದರೂ ಒಳಕ್ಕೆ ಬಾಗಿ ತಿರುಗಿ ತನ್ನ ಆಕಾರಕ್ಕೆ ಬರುತ್ತಿತ್ತು, ಟಿಂಕರಿಂಗ್ ಖರ್ಚಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಉತ್ತರದ ರಾಜ್ಯಗಳಲ್ಲಿ ಬಾಗಿಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ಇನ್ನೂ ದೊಡ್ಡ ಸಮಾಧಾನ. ಶೋರೂಮಿನವರು ಗಿರಾಕಿಗಳ ಮುಂದೆಯೇ ಬಾಗಿಲನ್ನು ಗುದ್ದಿ ತೋರಿಸುತ್ತಿದ್ದರು. ಪ್ಲಾಸ್ಟಿಕ್ಕು ಬಿಸಿಲಿಗೆ ಹಿಗ್ಗುತ್ತದೆ, ಹಾಗಾಗಿ ಫಲಕಗಳ ನಡುವೆ ಹೆಚ್ಚು ಸಂದು ಬಿಡಬೇಕಾಯಿತು. ನೋಡುವುದಕ್ಕೆ ಜಪಾನಿನ ಕಾರಿನಷ್ಟು ಬಿಗುವಾಗಿ ಕಾಣುತ್ತಿರಲಿಲ್ಲ, ಅದು ನಿಜ.

1990ರ ಜುಲೈ 30ರಂದು ಮೊದಲ ಕಾರು ಲೈನಿನಿಂದ ಹೊರಬಂತು. ಅದನ್ನು ಹೊರಗೆ ಓಡಿಸಿಕೊಂಡು ಬಂದವರು ರೋಜರ್ ಸ್ಮಿತ್ ಮತ್ತು ಕಾರ್ಮಿಕ ಸಂಘದ ಅಧ್ಯಕ್ಷ ಓವನ್ ಬೀಬರ್. ಸ್ಮಿತ್ ಮರುದಿನವೇ ನಿವೃತ್ತರಾದರು. ಈ ಮಾತನ್ನು ನೆನಪಿನಲ್ಲಿಡಿ. ಸ್ಯಾಟರ್ನಿಗೆ ಕಂಪನಿಯ ತುತ್ತತುದಿಯಲ್ಲಿದ್ದ ಒಬ್ಬನೇ ಒಬ್ಬ ಹಟವಾದಿ ಪೋಷಕ, ಅದು ಮಾರುಕಟ್ಟೆಗೆ ಬರುವ ಮುಂಚೆಯೇ ಮನೆಗೆ ಹೋದ.

ಅಕ್ಟೋಬರಿನಲ್ಲಿ ಮಾರಾಟ ಶುರು. ಅಗ್ಗದ ಮಾದರಿಯ ಬೆಲೆ 7,995 ಡಾಲರ್. ಈಗ ಮಾಲೀಕರ ಅನುಭವಕ್ಕೆ ಬರೋಣ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅಮೆರಿಕದಲ್ಲಿ ಕಾರು ಕೊಳ್ಳುವುದು ಜನ ಹೆದರುವ ಕೆಲಸ. ಕಮಿಷನ್ನಿಗೆ ದುಡಿಯುವ ಮಾರಾಟಗಾರ, ಬೋರ್ಡಿನ ಮೇಲೊಂದು ಬೆಲೆ, ಬಾಯಲ್ಲೊಂದು ಬೆಲೆ, ‘ಮ್ಯಾನೇಜರನ್ನು ಕೇಳಿ ಬರುತ್ತೇನೆ’ ಎಂದು ಒಳಗೆ ಹೋಗಿ ಅರ್ಧ ಗಂಟೆ ಕಾಯಿಸುವುದು. ಚೌಕಾಸಿ ಬಲ್ಲವನಿಗೆ ಒಂದು ಬೆಲೆ, ಬಾರದವನಿಗೆ ಇನ್ನೊಂದು. ಸ್ಯಾಟರ್ನ್ ಇದನ್ನೆಲ್ಲ ನಿಲ್ಲಿಸಿತು. ಚೀಟಿಯಲ್ಲಿ ಬರೆದದ್ದೇ ಬೆಲೆ. ಮಾರಾಟಗಾರನಿಗೆ ಸಂಬಳ. ಮೂವತ್ತು ದಿನ ಅಥವಾ 1,500 ಮೈಲಿಯೊಳಗೆ ಕಾರು ಹಿಡಿಸದಿದ್ದರೆ ವಾಪಸ್ ಕೊಡಬಹುದು. ಕಾರು ಒಪ್ಪಿಸುವ ದಿನ ಶೋರೂಮಿನವರೆಲ್ಲ ಕೆಲಸ ಬಿಟ್ಟು ಬಂದು ಸುತ್ತ ನಿಂತು ಚಪ್ಪಾಳೆ ತಟ್ಟಿ, ಫೋಟೋ ತೆಗೆದು ಕೈಗಿಡುತ್ತಿದ್ದರು. ಶನಿವಾರಗಳಲ್ಲಿ ಮಾಲೀಕರನ್ನು ಕರೆದು ಆಯಿಲ್ ಬದಲಿಸುವುದು, ಟೈರ್ ನೋಡಿಕೊಳ್ಳುವುದು ಹೇಗೆಂದು ಹೇಳಿಕೊಡುವ ಶೋರೂಮುಗಳೂ ಇದ್ದವು.

ಒಹಾಯೋದಲ್ಲಿದ್ದ ನಮ್ಮ ಅತ್ತಿಗೆ ತೊಂಬತ್ತರ ದಶಕದ ನಡುವೆ ಒಂದು ಸ್ಯಾಟರ್ನ್ ತಗೊಂಡರು. ‘ಒಬ್ಬಳೇ ಹೋದೆ. ಯಜಮಾನರು ಎಲ್ಲಿ ಅಂತ ಯಾರೂ ಕೇಳಲಿಲ್ಲ. ನನ್ನ ಇಂಗ್ಲಿಷಿಗೆ ಮುಖ ಸಿಂಡರಿಸಲಿಲ್ಲ. ಬೆಲೆ ಎಷ್ಟು ಅಂದೆ, ತೋರಿಸಿದರು, ಅಷ್ಟೇ ಕೊಟ್ಟೆ’ ಎಂದು ಈಗಲೂ ಹೇಳುತ್ತಾರೆ. ಸ್ಯಾಟರ್ನ್ ಕೊಂಡವರಲ್ಲಿ ಹೆಂಗಸರೇ ಹೆಚ್ಚು ಇದ್ದದ್ದು ಆಕಸ್ಮಿಕವಲ್ಲ. ಬೇರೆ ಶೋರೂಮುಗಳಲ್ಲಿ ಅವರನ್ನು ಹೇಗೆ ನಡೆಸಿಕೊಳ್ಳುತ್ತಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ತಪ್ಪಾದಾಗ ಏನು ಮಾಡುತ್ತಾರೆ ಎಂಬುದು ನಂಬಿಕೆಯ ನಿಜವಾದ ಪರೀಕ್ಷೆ. ಮೊದಲ ತಿಂಗಳುಗಳಲ್ಲೇ ಸೀಟಿನ ಒರಗು ಸರಿಯಿಲ್ಲ ಎಂದು ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿದರು. ಅಲಾಸ್ಕಾದಲ್ಲಿದ್ದ ಒಬ್ಬ ಮಾಲೀಕರ ಹತ್ತಿರ ಶೋರೂಮಿರಲಿಲ್ಲ. ಒಬ್ಬ ನೌಕರ ಹೊಸ ಸೀಟು ಹೊತ್ತುಕೊಂಡು ಅಲ್ಲಿಗೇ ಹೋದ. ಕಂಪನಿ ಇದನ್ನೇ ಜಾಹೀರಾತು ಮಾಡಿತು. ತನ್ನ ದೋಷವನ್ನು ತಾನೇ ಟಿವಿಯಲ್ಲಿ ಹೇಳಿಕೊಂಡ ಕಾರು ಕಂಪನಿಯನ್ನು ಜನ ಅದುವರೆಗೆ ಕಂಡಿರಲಿಲ್ಲ. 1991ರ ಮೇ ತಿಂಗಳಲ್ಲಿ ಇನ್ನೊಂದು. ಹೊರಗಿನ ಪೂರೈಕೆದಾರರಿಂದ ಬಂದ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಕೆಟ್ಟದ್ದಾಗಿತ್ತು, ಎಂಜಿನ್ನಿನ ಒಳಭಾಗವನ್ನು ತಿನ್ನುವಂಥದ್ದು. ಅದು ಸೇರಿದ್ದ ಕಾರುಗಳು 1,836. ರೇಡಿಯೇಟರ್ ತೊಳೆದು ಕಳುಹಿಸಬಹುದಿತ್ತು, ಹೆಚ್ಚೆಂದರೆ ಎಂಜಿನ್ ಬದಲಿಸಬಹುದಿತ್ತು. ಸ್ಯಾಟರ್ನ್ ಕಾರನ್ನೇ ಬದಲಿಸಿ ಕೊಟ್ಟಿತು, ಹಳೆಯ ಕಾರುಗಳನ್ನು ನಾಶ ಮಾಡಿತು. 1993ರಲ್ಲಿ ಆಲ್ಟರ್ನೇಟರಿನ ವೈರಿಂಗ್ ದೋಷಕ್ಕಾಗಿ ಮೂರೂವರೆ ಲಕ್ಷದಷ್ಟು ಕಾರುಗಳನ್ನು ಕರೆಸಬೇಕಾಯಿತು. ಬೇರೆ ಕಂಪನಿಗೆ ಅದು ಮರ್ಯಾದೆ ಹೋಗುವ ದಿನ. ಎಷ್ಟೋ ಸ್ಯಾಟರ್ನ್ ಶೋರೂಮುಗಳು ಆ ದಿನ ಬಂದವರಿಗೆ ಊಟ ಹಾಕಿ, ಕಾರು ತೊಳೆದು ಕಳುಹಿಸಿದವು.

ಕಾರ್ಮಿಕರೂ ಇದನ್ನು ತಮ್ಮದೇ ಎಂದು ನಂಬಿದ್ದರು. 1991ರ ಶರತ್ಕಾಲದಲ್ಲಿ ಉತ್ಪಾದನೆ ಹೆಚ್ಚಿಸಿ ಎಂದು ಮೇಲಿನಿಂದ ಒತ್ತಡ ಬಂದಾಗ, ಜನರಲ್ ಮೋಟರ್ಸ್‌ನ ಆಗಿನ ಅಧ್ಯಕ್ಷ ರಾಬರ್ಟ್ ಸ್ಟೆಂಪಲ್ ಕಾರ್ಖಾನೆಗೆ ಭೇಟಿ ಕೊಟ್ಟ ದಿನ ಕೆಲಸಗಾರರು ತೋಳಿಗೆ ಕಪ್ಪು ಕಿತ್ತಳೆ ಪಟ್ಟಿ ಕಟ್ಟಿಕೊಂಡರು. ಅವರ ಬೇಡಿಕೆ ಸಂಬಳದ್ದಲ್ಲ. ಅವಸರದಲ್ಲಿ ದೋಷವಿರುವ ಕಾರು ಹೊರಗೆ ಹೋಗುತ್ತಿದೆ, ಅದಕ್ಕೆ ನಾವು ಒಪ್ಪುವುದಿಲ್ಲ ಎಂಬುದು. ಕಾರ್ಮಿಕ ಚರಿತ್ರೆಯಲ್ಲಿ ಇಂಥ ಪ್ರತಿಭಟನೆಗಳು ಎಷ್ಟಿವೆ? ನನಗೆ ಇಡೀ ಸ್ಯಾಟರ್ನ್ ಕಥೆಯಲ್ಲಿ ಅತ್ಯಂತ ಹೆಮ್ಮೆಯ ಗಳಿಗೆ ಇದು.

1992ರಲ್ಲಿ ಜೆ.ಡಿ. ಪವರ್ ಸಂಸ್ಥೆಯ ಗ್ರಾಹಕ ತೃಪ್ತಿಯ ಪಟ್ಟಿಯಲ್ಲಿ ಸ್ಯಾಟರ್ನಿಗೆ ಮೂರನೆಯ ಸ್ಥಾನ. ಮುಂದಿದ್ದವು ಲೆಕ್ಸಸ್ ಮತ್ತು ಇನ್ಫಿನಿಟಿ, ಮೂರು ನಾಲ್ಕು ಪಟ್ಟು ಬೆಲೆಯ ಕಾರುಗಳು. 1994ರಲ್ಲಿ 2,86,000 ಕಾರು ಮಾರಾಟವಾದವು. ಸ್ಪ್ರಿಂಗ್ ಹಿಲ್‌ಗೆ ಜನ ಬಂದದ್ದು ಅದೇ ವರ್ಷ. ಮಾರಾಟದ ಮಟ್ಟಿಗೆ ಅದೇ ಶಿಖರ, ಮತ್ತೆ ಆ ಅಂಕಿ ಮುಟ್ಟಲಿಲ್ಲ.

ಕಾರು ಹೇಗಿತ್ತು? ಪ್ರೀತಿಯಿಂದ ಮಾತಾಡುವ ಮಾಲೀಕರೂ ಇದನ್ನು ಮುಚ್ಚಿಡುವುದಿಲ್ಲ. 1.9 ಲೀಟರ್ ಎಂಜಿನ್ ಗದ್ದಲದ್ದು. ವೇಗ ಹೆಚ್ಚಿದಂತೆ ನಡುಕವೂ ಹೆಚ್ಚು. ಕಾರಿಗೆ ವಯಸ್ಸಾದಂತೆ ಆಯಿಲ್ ತಿನ್ನುವ ಚಾಳಿ ಇತ್ತು, ಪಿಸ್ಟನ್ನಿನ ಆಯಿಲ್ ರಿಂಗುಗಳಲ್ಲಿ ಮಸಿ ಕಟ್ಟಿ ಅಂಟಿಕೊಳ್ಳುತ್ತಿದ್ದವು. ಹಳೆಯ ಮಾಲೀಕರಿಗೆ ಪೆಟ್ರೋಲ್ ಹಾಕಿಸುವಾಗಲೆಲ್ಲ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡುವುದು ಅಭ್ಯಾಸವಾಗಿಹೋಗಿತ್ತು. ಹಾಗೆ ನೋಡಿಕೊಂಡವರ ಕಾರು ಎರಡು ಲಕ್ಷ ಮೈಲಿ ದಾಟಿದ್ದೂ ಉಂಟು, ನೋಡದವರ ಎಂಜಿನ್ ಹಾಳಾದದ್ದೂ ಉಂಟು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಫಿಲ್ಟರನ್ನು ಆಯಿಲ್ ಫಿಲ್ಟರಿನ ಹಾಗೆ ಹೊರಗಿನಿಂದಲೇ ತಿರುಗಿಸಿ ತೆಗೆಯಬಹುದಿತ್ತು. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರು ಅದನ್ನು ಇಂದಿಗೂ ಹೊಗಳುತ್ತಾರೆ. ಒಟ್ಟಿನಲ್ಲಿ ಒಳ್ಳೆಯ ಮೊದಲ ಪ್ರಯತ್ನ, ತಿದ್ದಿ ಬೆಳೆಸಬೇಕಿದ್ದ ಕಾರು.

ಬೆಳೆಸಲಿಲ್ಲ. 1992ರಲ್ಲಿ ಜನರಲ್ ಮೋಟರ್ಸ್‌ಗೆ ಆದ ನಷ್ಟ 2,350 ಕೋಟಿ ಡಾಲರ್. ಮನೆಗೆ ಬೆಂಕಿ ಬಿದ್ದಿರುವಾಗ ಸ್ಯಾಟರ್ನಿಗೆ ಇನ್ನಷ್ಟು ಹಣ ಯಾಕೆ ಎಂದು ಷೆವ್ರೊಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್ ವಿಭಾಗಗಳು ಕೇಳಿದವು. ಅವುಗಳ ಹೊಸ ಮಾದರಿಗಳ ಹಣವೇ ಸ್ಪ್ರಿಂಗ್ ಹಿಲ್‌ಗೆ ಹೋಗಿತ್ತು ಎಂಬ ಕೋಪವೂ ಇತ್ತು, ಅದರಲ್ಲಿ ನ್ಯಾಯವೂ ಇತ್ತು. 1994ರಲ್ಲೇ ಸ್ಯಾಟರ್ನಿನ ಸ್ವಾತಂತ್ರ್ಯವನ್ನು ಮೊಟಕು ಮಾಡಿ ಸಣ್ಣ ಕಾರುಗಳ ವಿಭಾಗದೊಳಗೆ ಸೇರಿಸಿದರು. 1990ರಲ್ಲಿ ಬಂದ ಅದೇ ಮೂಲ ಕಾರು, ಮೇಲ್ಮೈ ಬದಲಾವಣೆಗಳೊಂದಿಗೆ, 2002ರವರೆಗೆ ನಡೆಯಿತು. ಹೋಂಡಾ ಸಿವಿಕ್ ಅಷ್ಟು ವರ್ಷದಲ್ಲಿ ಮತ್ತೆ ಮತ್ತೆ ಹೊಸ ತಲೆಮಾರಿಗೆ ಹೊರಳಿತ್ತು.

ಒಂದು ಕುಟುಂಬವನ್ನು ಯೋಚಿಸಿ. 1992ರಲ್ಲಿ ಮದುವೆಯಾದ ಜೋಡಿ ಸ್ಯಾಟರ್ನ್ ಕೊಂಡಿದ್ದಾರೆ, ಮನಸ್ಸು ತುಂಬಾ ಮೆಚ್ಚಿದ್ದಾರೆ. 1997ಕ್ಕೆ ಎರಡು ಮಕ್ಕಳು, ದೊಡ್ಡ ಕಾರು ಬೇಕು. ಅದೇ ಶೋರೂಮಿಗೆ ಹೋದರೆ ಅಲ್ಲಿ ದೊಡ್ಡ ಕಾರೇ ಇಲ್ಲ. ಅವರು ಸ್ಯಾಟರ್ನನ್ನು ಬಿಟ್ಟದ್ದಲ್ಲ, ಬಿಡದೆ ಗತಿಯಿರಲಿಲ್ಲ. ದೊಡ್ಡ ಸೆಡಾನ್ ಬಂದದ್ದು 1999ರಲ್ಲಿ. ಅದು ಯುರೋಪಿನ ಓಪೆಲ್ ವೆಕ್ಟ್ರಾ ಕಾರಿನ ಮೇಲೆ ಕಟ್ಟಿದ್ದು, ತಯಾರಾದದ್ದು ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ, ಸ್ಪ್ರಿಂಗ್ ಹಿಲ್ ಒಪ್ಪಂದ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಹೆಚ್ಚು ಮಾರಾಟವಾಗಲಿಲ್ಲ. ನಡುವೆ ಒಂದು ಸಣ್ಣ ಗೌರವದ ಕೆಲಸ ಸಿಕ್ಕಿತ್ತು: 1996ರಲ್ಲಿ ಜನರಲ್ ಮೋಟರ್ಸ್‌ನ ಇವಿ1 ವಿದ್ಯುತ್ ಕಾರನ್ನು ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾದ ಸ್ಯಾಟರ್ನ್ ಶೋರೂಮುಗಳ ಮೂಲಕವೇ ಬಾಡಿಗೆಗೆ ಕೊಟ್ಟರು. ಹೊಸ ತಂತ್ರಜ್ಞಾನವನ್ನು ಜನರಿಗೆ ತಾಳ್ಮೆಯಿಂದ ವಿವರಿಸಬಲ್ಲವರು ಅಲ್ಲಿದ್ದಾರೆ ಎಂಬುದು ಕಂಪನಿಗೂ ಗೊತ್ತಿತ್ತು.

ಕಾರ್ಖಾನೆಯೊಳಗೂ ಬಿಗಿ ಸಡಿಲಾಯಿತು. ಮಾರಾಟ ಇಳಿದಾಗ ಸಂಬಳದ ಗುರಿ ಆಧಾರಿತ ಪಾಲು ಕಡಿಮೆಯಾಯಿತು. 1998ರಲ್ಲಿ ಮತಕ್ಕೆ ಹಾಕಿದಾಗ ಮೂರರಲ್ಲಿ ಎರಡು ಪಾಲು ಕೆಲಸಗಾರರು ಸ್ಯಾಟರ್ನಿನ ಆ 28 ಪುಟದ ಒಪ್ಪಂದವೇ ಇರಲಿ ಎಂದರು. ಮರುವರ್ಷ ಆ ಒಪ್ಪಂದದ ಪರ ನಿಂತಿದ್ದ ಸಂಘದ ನಾಯಕರನ್ನು ಸೋಲಿಸಿದರು. 2003ರ ಕೊನೆಗೆ ಮಾಮೂಲಿ ರಾಷ್ಟ್ರೀಯ ಒಪ್ಪಂದಕ್ಕೆ ಮರಳಿದರು.

2003ರ ಮಾದರಿಯಾಗಿ ಬಂದ ಅಯಾನ್ ಹಳೆಯ ಸಣ್ಣ ಕಾರಿನ ಜಾಗ ತುಂಬಬೇಕಿತ್ತು. ಮೀಟರುಗಳೆಲ್ಲ ಡ್ಯಾಶ್‌ಬೋರ್ಡಿನ ನಟ್ಟನಡುವೆ, ಒಳಗಿನ ಪ್ಲಾಸ್ಟಿಕ್ಕು ತೀರ ಅಗ್ಗದ್ದು ಎಂದು ವಿಮರ್ಶಕರೂ ಮಾಲೀಕರೂ ಬೇಸರಪಟ್ಟರು. ಆದರೆ ಅಯಾನಿನ ನಿಜವಾದ ದೋಷ ಕಣ್ಣಿಗೆ ಕಾಣದಲ್ಲಿತ್ತು. ಕೀಲಿ ತಿರುಗಿಸುವ ಇಗ್ನಿಷನ್ ಸ್ವಿಚ್ಚು ಸಡಿಲ. ಕೀ ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ತಾನಾಗಿ ಜಾರಿದರೆ ಓಡುತ್ತಿರುವ ಕಾರಿನ ಎಂಜಿನ್ ನಿಲ್ಲುತ್ತಿತ್ತು, ಪವರ್ ಸ್ಟೀರಿಂಗ್ ಹೋಗುತ್ತಿತ್ತು, ಏರ್‌ಬ್ಯಾಗ್ ಕೆಲಸ ಮಾಡುತ್ತಿರಲಿಲ್ಲ. ಅದೇ ಸ್ವಿಚ್ಚು ಷೆವ್ರೊಲೆ ಕೋಬಾಲ್ಟ್ ಮುಂತಾದ ಕಾರುಗಳಲ್ಲೂ ಇತ್ತು. ಕಂಪನಿಯೊಳಗಿನ ಎಂಜಿನಿಯರುಗಳಿಗೆ ಸುಳಿವು ಸಿಕ್ಕಿ ಹತ್ತು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ, 2014ರಲ್ಲಿ, ಕಾರುಗಳನ್ನು ವಾಪಸ್ ಕರೆದರು. ಪರಿಹಾರ ನಿಧಿ ಲೆಕ್ಕ ಹಾಕಿದ ಸಾವುಗಳು 124. ಕೂಲಂಟ್ ಕೆಟ್ಟದ್ದೆಂದು 1,836 ಕಾರುಗಳನ್ನೇ ಬದಲಿಸಿದ ಹೆಸರಿನ ಅಡಿಯಲ್ಲಿ ಇದು ನಡೆಯಿತು. ಹುಡುಗರೇ, ನೀವು ಮುಂದೆ ನಕ್ಷೆಗೆ ಸಹಿ ಹಾಕುವವರು. ಈ ಎರಡು ಘಟನೆಗಳನ್ನು ಪಕ್ಕ ಪಕ್ಕ ಇಟ್ಟು ಓದಿ ಎಂದು ಕೈಮುಗಿದು ಕೇಳುತ್ತೇನೆ.

ಕೊನೆಯ ಅಂಕ ಬೇಗ ಹೇಳುತ್ತೇನೆ. ಪ್ಲಾಸ್ಟಿಕ್ ಹೊರಮೈ ಹೋಯಿತು. ಕಂಪನಿಯ ಇತರ ಕಾರುಗಳೇ ಸ್ಯಾಟರ್ನ್ ಲಾಂಛನ ಹಾಕಿಕೊಂಡು ಬಂದವು. ಅವುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿದ್ದವು. 2007ರಲ್ಲಿ ಆರಾ ಸೆಡಾನಿಗೆ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿ ಬಂತು. ಅದೇ ವರ್ಷದ ಮಾರ್ಚಿನಲ್ಲಿ ಸ್ಪ್ರಿಂಗ್ ಹಿಲ್‌ನಲ್ಲಿ ಸ್ಯಾಟರ್ನ್ ತಯಾರಿಕೆ ನಿಂತಿತು. 2009ರ ಜೂನ್ 1ರಂದು ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿತು. ನಾಲ್ಕು ದಿನದ ಮೇಲೆ ಉದ್ಯಮಿ ರೋಜರ್ ಪೆನ್ಸ್ಕಿ ಸ್ಯಾಟರ್ನನ್ನು ಕೊಳ್ಳುವುದಾಗಿ ಮುಂದೆ ಬಂದರು. ಅವರಿಗೆ ಬೇಕಿದ್ದದ್ದು ಕಾರ್ಖಾನೆಯಲ್ಲ, ಆ 350ರಷ್ಟು ಶೋರೂಮುಗಳು ಮತ್ತು ಅವುಗಳ ಗಿರಾಕಿಗಳು. ಕಾರನ್ನು ಬೇರೆಯವರಿಂದ ಮಾಡಿಸಿ ತರುವ ಯೋಚನೆ. ಫ್ರಾನ್ಸಿನ ರೆನೋ ಜೊತೆ ನಡೆದ ಮಾತುಕತೆ ಮುರಿದುಬಿತ್ತು, ಸೆಪ್ಟೆಂಬರ್ 30ರಂದು ಪೆನ್ಸ್ಕಿ ಹಿಂದೆ ಸರಿದರು. 2010ರ ಅಕ್ಟೋಬರಿಗೆ ಎಲ್ಲ ಮುಚ್ಚಿತು. ಒಬ್ಬ ಅನುಭವಿ ವ್ಯಾಪಾರಿ ಕೊನೆಯವರೆಗೂ ಬೆಲೆ ಕಟ್ಟಿದ್ದು ಆ ಶೋರೂಮಿನ ನಡವಳಿಕೆಗೆ. ಅಲ್ಲಿ ನಿಲ್ಲಿಸುವುದಕ್ಕೆ ಕಾರೇ ಸಿಗಲಿಲ್ಲ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ಸರ್, ಆ ಮಾರಾಟದ ಪದ್ಧತಿ ಅಷ್ಟು ಚೆನ್ನಾಗಿದ್ದರೆ ಷೆವ್ರೊಲೆಯವರು ಯಾಕೆ ಅನುಸರಿಸಲಿಲ್ಲ?’

ಒಳ್ಳೆಯ ಪ್ರಶ್ನೆ. ಸ್ಯಾಟರ್ನ್ ಮೊದಲಿನಿಂದಲೇ ಒಬ್ಬ ವ್ಯಾಪಾರಿಗೆ ವಿಶಾಲವಾದ ಒಂದು ಪ್ರದೇಶವನ್ನೇ ಬಿಟ್ಟುಕೊಟ್ಟಿತ್ತು. ಪಕ್ಕದ ಬೀದಿಯಲ್ಲಿ ಇನ್ನೊಂದು ಸ್ಯಾಟರ್ನ್ ಶೋರೂಮು ಇಲ್ಲದಿದ್ದಾಗ ಒಂದೇ ಬೆಲೆ ಎಂದು ಹಟ ಹಿಡಿಯಬಹುದು. ಷೆವ್ರೊಲೆಗೆ ಸಾವಿರಾರು ವ್ಯಾಪಾರಿಗಳು, ಒಂದೇ ಪಟ್ಟಣದಲ್ಲಿ ಮೂರು ನಾಲ್ಕು. ಒಬ್ಬ ನೂರು ಡಾಲರ್ ಇಳಿಸಿದರೆ ಗಿರಾಕಿ ಅಲ್ಲಿಗೆ ಹೋಗುತ್ತಾನೆ. ಜೊತೆಗೆ ಅಮೆರಿಕದ ರಾಜ್ಯಗಳ ಕಾನೂನು ವ್ಯಾಪಾರಿಗಳ ಪರ ಬಲವಾಗಿದೆ, ಕಂಪನಿ ಬಯಸಿದರೂ ಅವರನ್ನು ಸುಲಭವಾಗಿ ತೆಗೆಯಲಾಗುವುದಿಲ್ಲ. ಹೊಸದಾಗಿ ಕಟ್ಟಿದ್ದರಿಂದ ಸ್ಯಾಟರ್ನಿಗೆ ಆ ಭಾಗ್ಯ ಸಿಕ್ಕಿತ್ತು.

ಹಿಂದಿನ ಸಾಲಿನಿಂದ ಇನ್ನೊಬ್ಬರು: ‘ನಮ್ಮ ಅಣ್ಣ ಅಮೆರಿಕದಲ್ಲಿ ಓದುತ್ತಿದ್ದಾನೆ. ಹಳೆಯ ಸ್ಯಾಟರ್ನ್ ಅಗ್ಗಕ್ಕೆ ಸಿಗುತ್ತಿದೆಯಂತೆ. ತಗೋಬಹುದಾ?’

ಯಾವ ಮಾದರಿ ಎಂದು ಕೇಳಿ. ತೊಂಬತ್ತರ ದಶಕದ ಎಸ್ ಸರಣಿಯಾದರೆ, ಅಂದರೆ ನಾನು ಹೇಳಿದ ಆ ಮೊದಲ ಸಣ್ಣ ಕಾರಾದರೆ, ಮೊದಲು ಡಿಪ್‌ಸ್ಟಿಕ್ ನೋಡಲಿ, ಬೆಳಗಿನ ಮೊದಲ ಸ್ಟಾರ್ಟಿಗೆ ಹಿಂದಿನಿಂದ ನೀಲಿ ಹೊಗೆ ಬರುತ್ತದೆಯೇ ನೋಡಲಿ. ಬಾಗಿಲು ಫೆಂಡರ್ ಒಡೆದಿದ್ದರೆ ಚಿಂತೆ ಬೇಡ. ಗುಜರಿ ಅಂಗಡಿಯಲ್ಲಿ ಅದೇ ಬಣ್ಣದ ಫಲಕ ಸಿಕ್ಕರೆ ಬಿಚ್ಚಿ ತಂದು ತಾನೇ ಹಾಕಿಕೊಳ್ಳಬಹುದು, ಎಷ್ಟೋ ಮಾಲೀಕರು ಹಾಗೇ ಮಾಡುತ್ತಾರೆ. ವ್ಯೂ ಎಂಬ ಎಸ್‌ಯುವಿ, ಆರಾ ಸೆಡಾನ್ ಇವುಗಳ ಹೆಚ್ಚಿನ ಯಾಂತ್ರಿಕ ಭಾಗಗಳು ಕಂಪನಿಯ ಬೇರೆ ಕಾರುಗಳಲ್ಲೂ ಇರುವುದರಿಂದ ಗ್ಯಾರೇಜಿನವರಿಗೆ ಕಷ್ಟವಾಗದು. ಅಯಾನ್ ಆಗಿದ್ದರೆ, ಅಥವಾ ಸ್ಕೈ ಎಂಬ ಎರಡು ಸೀಟಿನ ಸ್ಯಾಟರ್ನ್ ಆಗಿದ್ದರೆ, ದುಡ್ಡು ಕೊಡುವ ಮುಂಚೆ ಕಾರಿನ ಚಾಸಿ ನಂಬರನ್ನು ಜನರಲ್ ಮೋಟರ್ಸ್‌ನ ಯಾವುದಾದರೂ ಶೋರೂಮಿಗೆ ಕೊಟ್ಟು, ಇಗ್ನಿಷನ್ ಸ್ವಿಚ್ಚು ಬದಲಿಸಿದ್ದಾರೆಯೇ ಎಂದು ಕೇಳಲಿ. ಬದಲಿಸಿಲ್ಲ ಎಂದರೆ ಆ ಕಾರನ್ನು ಅಲ್ಲಿಂದ ಓಡಿಸಿಕೊಂಡು ಬರುವುದು ಬೇಡ, ಮೊದಲು ರಿಪೇರಿ ಆಗಲಿ.